ಬೆರಕೆ ಮೋಟಾರು

ಬೇಸಗೆಯ ರಜೆಗೆ ಮೊಮ್ಮಗನು ಬೆಂಗಳೂರಿನಿಂದ ಚಾಂಪಿಯನ್ ರೀಫ್ಸಿಗೆ ಬರುವನೆಂದರೆ ನಮ್ಮ ಮನೆಯಲ್ಲಿ ಎರಡು ಬಗೆಯ ಸಿದ್ಧತೆ ನಡೆಯುತ್ತದೆ. ನನ್ನಾಕೆ ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬುತ್ತಾಳೆ. ನಾನು ಒಡೆಯಬಹುದಾದ ವಸ್ತುಗಳನ್ನೆಲ್ಲ ಅಟ್ಟಕ್ಕೇರಿಸುತ್ತೇನೆ. ಆದರೆ ಕಳೆದ ಬೇಸಗೆಯಲ್ಲಿ ಅವನು ಒಡೆಯುವ ಹುಡುಗನಾಗಿ ಬರಲಿಲ್ಲ, ಕೂಡಿಸುವ ಹುಡುಗನಾಗಿ ಬಂದ. ಕಂಕುಳಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು.

ಪೆಟ್ಟಿಗೆಯ ಮೇಲೆ ಥಳಥಳಿಸುವ ಮೋಟಾರಿನ ಚಿತ್ರ, ಒಳಗೆ ಪ್ಲಾಸ್ಟಿಕ್ಕಿನ ಚೂರುಗಳು. ಅವನ ತಂದೆಯ ಗೆಳೆಯರೊಬ್ಬರು ಅಮೆರಿಕದಿಂದ ತಂದು, ಅವರ ಮಗ ಅರ್ಧಕ್ಕೆ ಬಿಟ್ಟಿದ್ದ ಆಟದ ಸಾಮಾನಂತೆ. ಒಂದರಲ್ಲಿ ಗಾಡಿಯ ಒಡಲೂ ಒಂದು ಜೊತೆ ಗಾಲಿಯೂ ಇದ್ದವು, ಛಾಸಿ ಮುರಿದಿತ್ತು. ಇನ್ನೊಂದರಲ್ಲಿ ಛಾಸಿ, ಎಂಜಿನ್, ಗಾಲಿಗಳೆಲ್ಲ ಇದ್ದವು, ಒಡಲೇ ಕಾಣೆಯಾಗಿತ್ತು.

"ಎರಡನ್ನೂ ಸೇರಿಸಿ ಒಂದು ಹಾಟ್ ರಾಡ್ ಮಾಡ್ತೀನಿ, ತಾತ" ಎಂದ.

ಹಾಟ್ ರಾಡ್ ಎಂದರೆ ಕುಲುಮೆಯಲ್ಲಿ ಕಾದ ಸಲಾಕೆಯೆಂದೇ ನಾನು ಭಾವಿಸಿದ್ದೆ. ಹನ್ನೆರಡು ವರ್ಷದ ಆ ಪೋರನಿಂದ ನನಗೆ ಪಾಠವಾಯಿತು. 1932ರಲ್ಲಿ ಫೋರ್ಡ್ ಕಂಪನಿಯವರು ಸಾಮಾನ್ಯರ ಕೈಗೆಟುಕುವ ಕಾರಿಗೆ ಎಂಟು ಸಿಲಿಂಡರಿನ ಎಂಜಿನ್ ಕೂಡಿಸಿದರು. ಅದರ ಬಲ 65 ಅಶ್ವಶಕ್ತಿ. ಕೆಲವು ವರ್ಷಗಳಲ್ಲಿ ಅಂಥ ಕಾರುಗಳು ಹಳೆಯವಾಗಿ ಅಗ್ಗದ ಬೆಲೆಗೆ ಸಿಕ್ಕತೊಡಗಿದವು. ಕ್ಯಾಲಿಫೋರ್ನಿಯದ ತರುಣರು ಅವುಗಳ ಮಡ್‌ಗಾರ್ಡುಗಳನ್ನು ಕಿತ್ತರು, ಬೇರೆ ಗಾಡಿಗಳ ಬಿಡಿಭಾಗಗಳನ್ನು ಜೋಡಿಸಿದರು, ಒಣಗಿದ ಕೆರೆಗಳ ಅಂಗಳದಲ್ಲಿ ಓಡಿಸಿ ಪಂದ್ಯ ಕಟ್ಟಿದರು. ಎರಡನೆಯ ಮಹಾಯುದ್ಧದಿಂದ ಹಿಂತಿರುಗಿದ ಸೈನಿಕರೂ ಕೂಡಿಕೊಂಡ ಮೇಲೆ ಈ ಹುಚ್ಚು ದೇಶವನ್ನೇ ವ್ಯಾಪಿಸಿತು. 1948ರಲ್ಲಿ ಅದಕ್ಕೆಂದೇ ಒಂದು ಮಾಸಪತ್ರಿಕೆಯೂ ಹುಟ್ಟಿತು.

"ನಮ್ಮ ಬೆರಕೆ ಸೊಪ್ಪಿನ ಹಾಗೆ ಅನ್ನಿ" ಎಂದಳು ನನ್ನಾಕೆ, ಮೊರದಲ್ಲಿ ಸೊಪ್ಪು ಬಿಡಿಸುತ್ತ. ಕೋಲಾರದ ಕಡೆಯವರಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಡ.

ಮೂರನೆಯ ದಿನ ಹುಡುಗನ ಮುಖ ಬಾಡಿತು. ಒಡಲು ಛಾಸಿಯ ಮೇಲೆ ಕೂರುತ್ತಿರಲಿಲ್ಲ. ಮುಂದೆ ಸರಿಯಾದರೆ ಹಿಂದಿನ ಗಾಲಿ ತನ್ನ ಜಾಗ ಬಿಟ್ಟು ಈಚೆಗೆ ಬರುತ್ತಿತ್ತು. ಪೆಟ್ಟಿಗೆಗಳನ್ನು ತಿರುವಿ ನೋಡಿದೆ. ಒಂದರ ಮೇಲೆ 1:25 ಎಂದಿತ್ತು, ಇನ್ನೊಂದರ ಮೇಲೆ 1:24 ಎಂದಿತ್ತು. ಕಾಗದದ ಮೇಲೆ ಅದೇನು ಮಹಾ ಭೇದ! ಆದರೆ ನಿಜವಾದ ಕಾರಿನಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 106 ಅಂಗುಲ, ಅಂದರೆ ಸುಮಾರು 2692 ಮಿಲಿಮೀಟರ್. ಅದನ್ನು 25ರಿಂದ ಭಾಗಿಸಿದರೆ 107.7, 24ರಿಂದ ಭಾಗಿಸಿದರೆ 112.2. ನಾಲ್ಕೂವರೆ ಮಿಲಿಮೀಟರ್ ವ್ಯತ್ಯಾಸ.

ಅಳೆದು ತೋರಿಸಬೇಕಾದರೆ ವರ್ನಿಯರ್ ಕ್ಯಾಲಿಪರ್ ಬೇಕು. ಅದು ನನ್ನ ಟ್ರಂಕಿನಲ್ಲಿತ್ತು. ಆ ಟ್ರಂಕನ್ನು ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತೆರೆದಿರಲಿಲ್ಲ.

ಇಲ್ಲಿ ಒಂದು ಹಳೆಯ ಕಥೆಯನ್ನು ಹೇಳಬೇಕಾಗಿದೆ. ನಾನು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರನಾಗಿದ್ದವನು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರ ಕಾಲದಿಂದ ಬೆಳೆದ ಈ ಗಣಿಗಳಿಗೆ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಬಂದಿತ್ತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರನ್ನೂ ಮೀರಿತ್ತು. ಅಷ್ಟು ಆಳಕ್ಕೆ ಜನರನ್ನು ಇಳಿಸಿ ಮತ್ತೆ ಮೇಲಕ್ಕೆ ತರುವ ಯಂತ್ರಗಳಿಗೆ ಕಾಯಿಲೆ ಬಂದರೆ ನಾವೇ ವೈದ್ಯರು. ಹಳೆಯ ಯಂತ್ರಗಳಿಗೆ ಬಿಡಿಭಾಗಗಳು ಎಲ್ಲಿಂದ ಬರಬೇಕು? ಪಂಪಿನ ಒಡಲು ಒಂದು ದೇಶದ್ದು, ಮೋಟಾರು ಮತ್ತೊಂದು ದೇಶದ್ದು, ನಡುವಣ ಕಪ್ಲಿಂಗ್ ಮಾತ್ರ ನಮ್ಮ ಕೈಯದು. ಬೆಂಚಿನ ಸುತ್ತ ತಮಿಳು, ತೆಲುಗು, ಕನ್ನಡಗಳ ಮಾತೂ ಹಾಗೆಯೇ ಬೆರೆತಿರುತ್ತಿತ್ತು.

2001ರ ಫೆಬ್ರವರಿ ಮುಗಿಯುವುದರೊಂದಿಗೆ ಗಣಿ ಮುಚ್ಚಿತು. ಆಗ ನನ್ನ ಮಗ ಕಾಲೇಜಿನಲ್ಲಿದ್ದ. ಒಂದು ಸಂಜೆ ನನ್ನ ಅರವನ್ನು ಕೈಗೆತ್ತಿಕೊಂಡು, "ಹಿಡಿಯೋದು ಹೇಗೆ ಅಂತ ಹೇಳಿಕೊಡಿ ಅಪ್ಪ" ಎಂದು ಕೇಳಿದ. ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. "ಇದು ಅನ್ನ ಕೊಡುವ ವಿದ್ಯೆ ಅಲ್ಲ, ಮುಟ್ಟಬೇಡ" ಎಂದು ಗದರಿಸಿ ಟ್ರಂಕಿಗೆ ಬೀಗ ಹಾಕಿದೆ. ಅವನು ಮತ್ತೆ ಕೇಳಲಿಲ್ಲ. ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ಬಂದು ದುಡಿದ. ಕಡೆಗೆ ಅಲ್ಲಿಯೇ ಮನೆ ಮಾಡಿದ. ಅವನ ಬಾಳು ಚೆನ್ನಾಗಿದೆ. ಆದರೂ ಆ ಸಂಜೆಯ ನೆನಪು ಮುಳ್ಳಿನಂತೆ ನನ್ನಲ್ಲಿ ಉಳಿದಿತ್ತು.

ಮೊಮ್ಮಗನಿಗಾಗಿ ಬೀಗ ತೆಗೆದೆ. ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟದ್ದರಿಂದ ಕ್ಯಾಲಿಪರಿಗೆ ತುಕ್ಕು ಹಿಡಿದಿರಲಿಲ್ಲ. ಛಾಸಿಯ ಎರಡು ಪಟ್ಟಿಗಳನ್ನೂ ನಡುವೆ ಕತ್ತರಿಸಿ, ನಾಲ್ಕೂವರೆ ಮಿಲಿಮೀಟರ್ ತೆಗೆದು, ಒಳಬದಿಗೆ ಪ್ಲಾಸ್ಟಿಕ್ ತುಂಡುಗಳನ್ನು ರೈಲುಹಳಿಯ ಫಿಶ್‌ಪ್ಲೇಟಿನಂತೆ ಆನಿಸಿ ಕೂಡಿಸಿದೆವು. ಈ ಕೆಲಸದ ಅಂಟು ನಮ್ಮ ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನು ಒಂದಾಗಿಸುತ್ತದೆ, ಒಂದು ಬಗೆಯ ಬೆಸುಗೆಯೇ. ಹೆಚ್ಚಾದ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಹಿಡಿದು ಮೆತ್ತಗಾದಾಗ ಎಳೆದರೆ ನೂಲಿನಂಥ ಎಳೆ ಬರುತ್ತದೆ. ಅದೇ ಎಂಜಿನಿನ ತಂತಿಯಾಯಿತು.

ದೊಡ್ಡ ಅಳತೆಯ ಗಾಲಿಗಳನ್ನೂ ಅರದಿಂದ ಉಜ್ಜಿ ತೆಳ್ಳಗೆ ಮಾಡಹೊರಟೆ. ಹುಡುಗ ಕೈ ಹಿಡಿದ. "ಬೇಡ ತಾತ! ಹಾಟ್ ರಾಡಿಗೆ ಹಿಂದಿನ ಗಾಲಿ ದೊಡ್ಡದಿರಬೇಕು" ಎಂದ. ಸರಿ, ದೊಡ್ಡವು ಹಿಂದಕ್ಕೆ, ಸಣ್ಣವು ಮುಂದಕ್ಕೆ ಹೋದವು. ಹೊಂದದ ವಸ್ತುವನ್ನೆಲ್ಲ ಉಜ್ಜಬೇಕಾಗಿಲ್ಲ, ಕೆಲವಕ್ಕೆ ಅದರದೇ ಸ್ಥಾನವಿರುತ್ತದೆ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತೆ.

ನನ್ನ ಗರ್ವ ಅಷ್ಟಕ್ಕೆ ಇಳಿಯಲಿಲ್ಲ. ಮುಂಗಾಜನ್ನು ಕೂಡಿಸುವಾಗ, ಕ್ಷಣದಲ್ಲಿ ಹಿಡಿಯುವ ಅಂಟನ್ನು ತಂದು ಧಾರಾಳವಾಗಿ ಹಚ್ಚಿದೆ. ಬೆಳಗಾಗುವುದರಲ್ಲಿ ಗಾಜಿಗೆ ಜನವರಿಯ ಮಂಜು ಕವಿದಂತಾಗಿತ್ತು. ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕನ್ನು ಬಿಳಿಚಿಸುತ್ತದೆಂಬುದು ನನಗೆ ತಿಳಿದಿರಲಿಲ್ಲ. ಹುಡುಗ ಅಳಲಿಲ್ಲ; ಅತ್ತಿದ್ದರೆ ವಾಸಿಯಾಗಿತ್ತು. ಮೂಲೆಯಲ್ಲಿ ಮೌನವಾಗಿ ಕುಳಿತ ಅವನ ಮುಖದಲ್ಲಿ ಇಪ್ಪತ್ತು ವರ್ಷದ ಹಿಂದಿನ ಇನ್ನೊಂದು ಮುಖ ಕಾಣಿಸಿತು.

"ತಪ್ಪಾಯಿತಪ್ಪ" ಎಂದೆ. ಮಗನಿಗೆ ಹೇಳಬೇಕಾಗಿದ್ದ ಮಾತು ಮೊಮ್ಮಗನಿಗೆ ಸಂದಿತು.

ನನ್ನಾಕೆ ಒಳಗಿನಿಂದ ಮಿಠಾಯಿ ಪೆಟ್ಟಿಗೆಯೊಂದರ ಪಾರದರ್ಶಕ ಮುಚ್ಚಳವನ್ನು ತಂದಿಟ್ಟಳು. ಅದರಿಂದ ಹೊಸ ಗಾಜನ್ನು ಕತ್ತರಿಸಿ, ಬಡಗಿಗಳು ಬಳಸುವ ಬಿಳಿಯ ಅಂಟಿನಿಂದ ಕೂಡಿಸಿದೆವು. ಅದು ಒಣಗಿದಾಗ ಇದ್ದ ಕುರುಹೂ ಕಾಣಲಿಲ್ಲ.

ಭಾನುವಾರ ಮಗ ಕರೆದೊಯ್ಯಲು ಬಂದ. ಕಿಟಕಿಯ ಮೇಲೆ ಕೆಂಪು ಬಣ್ಣದ ಮೋಟಾರು ನಿಂತಿತ್ತು. ಅದರ ಹಿಂದೆ ದೂರದಲ್ಲಿ ಸೈನೈಡ್ ದಿಬ್ಬಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮಗ ಬಹಳ ಹೊತ್ತು ನೋಡಿದ. ಆಮೇಲೆ ಮೇಜಿನ ಮೇಲಿದ್ದ ಕ್ಯಾಲಿಪರನ್ನು ಎತ್ತಿಕೊಂಡು ಗಾಲಿಯನ್ನು ಅಳೆದು, ಒಂದು ಅಂಕಿ ಹೇಳಿದ.

"ಅಲ್ಲ ಅಪ್ಪ, ಹಾಗಲ್ಲ ಓದೋದು" ಎಂದು ಮೊಮ್ಮಗ ಅವನ ಪಕ್ಕಕ್ಕೆ ಸರಿದ.

ಮಗ ನನ್ನ ಕಡೆಗೆ ನೋಡಿದ. ನಾನು ಟ್ರಂಕಿನಿಂದ ಅರವನ್ನು ತೆಗೆದು, ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಚಾಚಿದೆ. ಅವನು ತೆಗೆದುಕೊಂಡ.

"ರೈಲಿಗೆ ಹೊತ್ತಾಯಿತು" ಎಂದು ಅಡುಗೆಮನೆಯಿಂದ ಕೂಗು ಬಂತು.

"ಮುಂದಿನ ರೈಲಿಗೆ ಹೋದರಾಯಿತಮ್ಮ" ಎಂದ ಮಗ. ಆ ದಿನವೂ ನಮಗೆ ಬೆರಕೆ ಸೊಪ್ಪಿನ ಸಾರೇ.