ಯಾವ ಕೆಲಸಾನೂ ಕೀಳಲ್ಲ, ಆದ್ರೆ...

ನಾವು ಇಂಗ್ಲಿಷ್ ಮೀಡಿಯಂನವರು. ಸ್ಕೂಲಲ್ಲಿ ‘ಡಿಗ್ನಿಟಿ ಆಫ್ ಲೇಬರ್’ ಅಂತ ಒಂದು ಪ್ರಬಂಧ ಬರೆಯದೆ ಇಲ್ಲಿವರೆಗೆ ಬಂದವರು ನಮ್ಮಲ್ಲಿ ಕಡಿಮೆ. ಯಾವ ಕೆಲಸವೂ ಕೀಳಲ್ಲ, ಎಲ್ಲ ಕೆಲಸವೂ ಸಮಾನ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಡಿಗ್ನಿಟಿಗೆ ಕನ್ನಡದಲ್ಲಿ ‘ಘನತೆ’ ಅಂತಾರೆ ಅನ್ನೋದು ನಮ್ಮಲ್ಲಿ ಹಲವರಿಗೆ ಗೊತ್ತಾಗಿದ್ದು ಕನ್ನಡ ಸಂಘಕ್ಕೆ ಸೇರಿದ ಮೇಲೆ. ಆದರೆ ಮ್ಯಾನ್‌ಹೋಲ್‌ಗೆ ಇಳಿಯೋ ಕೆಲಸಕ್ಕೂ ಆ ಪ್ರಬಂಧದ ಮಾತು ಅನ್ವಯ ಆಗುತ್ತಾ? ಅದನ್ನೂ ‘ಶ್ರೇಷ್ಠ ಕೆಲಸ’ ಅಂತ ಹೊಗಳಿ ಸುಮ್ಮನಿದ್ದುಬಿಡೋಣವಾ?

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಹಳೆಯದು. 1970ರ ದಶಕದಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ ಕಾನೂನು ಬಂದಿದ್ದು 1993ರಲ್ಲಿ, ಅದಕ್ಕಿಂತ ಬಿಗಿಯಾದದ್ದು 2013ರಲ್ಲಿ. ಈ ಎರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸೋದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಊರಿನ ಹೊಲಸನ್ನು ಅಷ್ಟು ವರ್ಷ ಹೊತ್ತವರ ಮಾತು ಕೇಳಿಸೋಕೆ ಅಷ್ಟು ಮಾಡಬೇಕಾಯ್ತು.

ಈ ಕೆಲಸವನ್ನು ಯಾರೂ ಇಷ್ಟಪಟ್ಟು ಆರಿಸಿಕೊಂಡಿಲ್ಲ, ಜಾತಿ ಇದನ್ನು ಅವರ ಮೇಲೆ ಹೊರಿಸಿದೆ. ಕೆಜಿಎಫ್‌ನಲ್ಲಿ ಹುಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರ ಹೋರಾಟ ‘ಈ ಕೆಲಸಕ್ಕೆ ಗೌರವ ಕೊಡಿ’ ಅಂತ ಅಲ್ಲ, ‘ಈ ಕೆಲಸವೇ ನಿಲ್ಲಲಿ’ ಅಂತ. ನಮ್ಮ ಪ್ರಬಂಧದಲ್ಲಿ ಇಲ್ಲದೇ ಇದ್ದದ್ದು ಇದೇ. ಘನತೆ ಇರೋದು ಮನುಷ್ಯನಿಗೆ. ಅದನ್ನು ಕಿತ್ತುಕೊಳ್ಳೋ ಕೆಲಸವನ್ನು ಹೊಗಳಿದ್ರೆ ಅದು ವಾಪಸ್ ಬರಲ್ಲ.

ಸಾವು ಹೇಗೆ ಆಗುತ್ತೆ ಅಂತ ಕೆಮಿಸ್ಟ್ರಿ ಓದಿದ ನಮಗೆ ಅರ್ಥ ಆಗಬೇಕು. ಕೊಳೆತ ಚರಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಅದರ ಅಣುತೂಕ 34, ಗಾಳಿಯದ್ದು ಸರಾಸರಿ 29. ಹಾಗಾಗಿ ಅದು ಗುಂಡಿಯ ತಳದಲ್ಲಿ ನಿಲ್ಲುತ್ತೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿಯಾದ್ರೆ ಮೂಗೇ ಕೆಲಸ ನಿಲ್ಲಿಸುತ್ತೆ, ಅಪಾಯ ಗೊತ್ತಾಗೋದೇ ಇಲ್ಲ. ಒಬ್ಬ ಬಿದ್ದ ಅಂತ ಕಾಪಾಡೋಕೆ ಇಳಿದವನೂ ಬೀಳ್ತಾನೆ. ಹೀಗೆ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಆ ದುಡ್ಡು ಬರೋದು ಆತ ಸತ್ತ ಮೇಲೆ.

ಸಾಯೋ ಮುಂಚೆ ಏನಾದ್ರೂ ಮಾಡಬಹುದಾ? ಕೇರಳದಲ್ಲಿ ನಮ್ಮ ಹಾಗೇ ಇಂಜಿನಿಯರಿಂಗ್ ಓದಿದ ಹುಡುಗರು ಮ್ಯಾನ್‌ಹೋಲ್ ಶುಚಿ ಮಾಡೋ ‘ಬ್ಯಾಂಡಿಕೂಟ್’ ರೋಬೋ ಮಾಡಿದರು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು.

ನಾವೆಲ್ಲ ರೋಬೋ ಮಾಡ್ತೀವಿ ಅಂತಲ್ಲ. ಕಳೆದ ಸೆಮ್‌ನಲ್ಲಿ ನಮ್ಮ ಹಾಸ್ಟೆಲ್ ಚೇಂಬರ್ ಕಟ್ಟಿಕೊಂಡಾಗ ಒಬ್ಬ ಅಣ್ಣನನ್ನು ಕರೆಸಿದ್ರು. ಕೈಗೆ ಗ್ಲೌಸ್ ಇಲ್ಲ, ಒಂದು ಬಿದಿರು ಕೋಲು ಅಷ್ಟೇ. ಇಳಿಯೋದು ಬೇಡ, ಮಷೀನ್ ತರಿಸಿ ಅಂತ ನಾವು ಏಳೆಂಟು ಜನ ಹೋಗಿ ಕೇಳಿದ್ವಿ. ‘ಮಷೀನ್ ಅಂದ್ರೆ ಎರಡು ದಿನ ಆಗುತ್ತೆ, ನಡೀತದಾ?’ ಅಂದ್ರು. ನಡೀತದೆ ಅಂದ್ವಿ. ಎರಡು ದಿನ ಬಕೆಟ್ ಹಿಡ್ಕೊಂಡು ಪಕ್ಕದ ಬ್ಲಾಕಿಗೆ ಹೋದ್ವಿ, ಕ್ಯೂ ನಿಂತ್ವಿ, ಒಬ್ಬರನ್ನೊಬ್ಬರು ಬೈಕೊಂಡ್ವಿ. ಮೂರನೇ ದಿನ ಮಷೀನ್ ಬಂತು. ಆ ಅಣ್ಣ ಮೇಲೆ ನಿಂತು ಪೈಪ್ ಹಿಡಿದಿದ್ದ.

ನಿಮ್ಮ ಬ್ಲಾಕಿನಲ್ಲೂ ಒಂದಲ್ಲ ಒಂದು ದಿನ ಚೇಂಬರ್ ಕಟ್ಟಿಕೊಳ್ಳುತ್ತೆ. ಅವತ್ತು ‘ಯಾವಾಗ ಸರಿ ಹೋಗುತ್ತೆ’ ಅಂತ ಕೇಳೋ ಮುಂಚೆ ‘ಒಳಗೆ ಯಾರನ್ನಾದ್ರೂ ಇಳಿಸ್ತೀರಾ’ ಅಂತ ಕೇಳಿ.