ತವರಿನ ಹೆಸರು ಹೊತ್ತ ಸೀಸೆ

ಎರಡು ವರ್ಷದ ಹಿಂದಿನ ಮಾತು. ಸಂಜೆ ಕೆಲಸದಿಂದ ಬಂದ ಮಗ ಅಡುಗೆಕಟ್ಟೆಯ ಮೇಲೆ ಒಂದು ಸೀಸೆ ಇಟ್ಟು, "ಅಮ್ಮ, ನೋಡು, ನಿಮ್ಮೂರಿನದು!" ಎಂದ. ಕೆಂಪು ವೈನ್. ಚೀಟಿಯ ಮೇಲೆ ನಂದಿಬೆಟ್ಟದ ಹೆಸರು. ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗ. ತಾಯಿಯ ಊರಿನ ಹೆಸರು ಅಂಗಡಿಯಲ್ಲಿ ಕಂಡಿತೆಂದು ಹಿಗ್ಗಿನಿಂದ ತಂದಿದ್ದ. ನಾನು ಒಂದು ಮಾತೂ ಆಡದೆ ಅದನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದೆ. ಅವನು ತಲೆ ತಗ್ಗಿಸಿ ಊಟ ಮಾಡಿ ಎದ್ದ.

ನನ್ನ ತವರು ದೊಡ್ಡಬಳ್ಳಾಪುರದ ಹತ್ತಿರದ ಒಂದು ಹಳ್ಳಿ. ಅಪ್ಪ, ಚಿಕ್ಕಪ್ಪ ಸೇರಿ ಮುಕ್ಕಾಲು ಎಕರೆಯಲ್ಲಿ ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆದು ದ್ರಾಕ್ಷಿ ಚಪ್ಪರ ಹಾಕಿದ್ದರು. ಬೆಂಗಳೂರು ಬ್ಲೂ ತಳಿ. ದಪ್ಪ ಸಿಪ್ಪೆ, ಒಳಗೆ ಬೀಜ, ತಿಂದರೆ ತುಟಿಯೆಲ್ಲ ನೇರಳೆ. ಹಗಲೆಲ್ಲ ಚಪ್ಪರದಡಿ ದುಡಿದ ಚಿಕ್ಕಪ್ಪ ಸಂಜೆ ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ನಾನು ಪಿ.ಯು.ಸಿ. ಓದುವಾಗ ಅದೇ ಅವರನ್ನು ಬಲಿ ತೆಗೆದುಕೊಂಡಿತು. ಚಿಕ್ಕಮ್ಮನಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಮುಂದೆ ಬಿ.ಎ. ತರಗತಿಯಲ್ಲಿ ಕೀಟ್ಸ್ ಕವಿಯ ನೈಟಿಂಗೇಲ್ ಪದ್ಯದ ದ್ರಾಕ್ಷಾರಸವನ್ನು ಮೇಷ್ಟ್ರು ಬಣ್ಣಿಸುತ್ತಿದ್ದರೆ ನನಗೆ ಚಿಕ್ಕಮ್ಮನ ಬರಿಗೈ ಕಣ್ಣೆದುರು ಬರುತ್ತಿತ್ತು.

ವಾರದ ಮೇಲೆ ಮಗನೇ ಕೇಳಿದ, "ಅಮ್ಮ, ನನ್ನಿಂದ ತಪ್ಪಾಯಿತಾ?" ಆಗ ಎಲ್ಲ ಹೇಳಿದೆ. ಅವನೆಂದ, "ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲವಲ್ಲಮ್ಮ." ನಿಜ. ನಂದಿಯ ಮಂಜು, ಸೂರ್ಯೋದಯ ಇಷ್ಟನ್ನೇ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ.

ಮುಂದಿನ ಫೆಬ್ರವರಿಯಲ್ಲಿ ಅಣ್ಣನ ಮನೆಗೆ ಹೋದಾಗ ಮೂವರೂ ಬೆಟ್ಟದ ತಪ್ಪಲಿನ ಆ ವೈನ್ ತೋಟಕ್ಕೆ ಹೋದೆವು. ಗ್ರೋವರ್ ಕುಟುಂಬದವರು 1988ರಲ್ಲಿ ಫ್ರಾನ್ಸಿನ ತಳಿಗಳನ್ನು ತಂದು ಅಲ್ಲಿ ನೆಟ್ಟರು. 2012ರಲ್ಲಿ ಅವರ ಸಂಸ್ಥೆ ನಾಸಿಕ್ ಕಡೆಯ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಗ್ರೋವರ್ ಜಾಂಪಾ ಆಯಿತು. ನಮ್ಮ ಮನೆಗೆ ಬಂದಿದ್ದ 'ಲಾ ರಿಸರ್ವ್' ಅಲ್ಲಿನದೇ. ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿಗಳ ಬೆರಕೆ. ಕೆಂಪು ಬಣ್ಣ ಇರುವುದು ಸಿಪ್ಪೆಯಲ್ಲಂತೆ, ರಸಕ್ಕೆ ಬಣ್ಣವೇ ಇಲ್ಲ. ಅದಕ್ಕೇ ಸಿಪ್ಪೆಯ ಸಮೇತ ಹುಳಿ ಬರಿಸಿ, ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ರುಚಿ ಗಟ್ಟಿಯಾಗಲೆಂದು ಕಾಯಿ ಇರುವಾಗಲೇ ಕೆಲವು ಗೊಂಚಲುಗಳನ್ನು ಕತ್ತರಿಸಿ ಹಾಕುವುದೂ ಉಂಟಂತೆ. ಇದನ್ನು ಕೇಳಿ ಅಣ್ಣ, "ಅಪ್ಪ ಇದ್ದಿದ್ದರೆ ಅತ್ತೇಬಿಡುತ್ತಿದ್ದರು" ಎಂದು ನಕ್ಕ. ನಮ್ಮಲ್ಲಿ ಒಂದೊಂದು ಗೊಂಚಲೂ ಲೆಕ್ಕ. ಕೊಳವೆಬಾವಿ ಬತ್ತಿತು, 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆ ಜಮೀನನ್ನೂ ಮಾರಿದೆವು. ಈಗ ಅಲ್ಲಿ ಸೈಟುಗಳ ಕಲ್ಲು ನಿಂತಿವೆ.

ರುಚಿ ನೋಡಲು ಲೋಟ ಕೊಟ್ಟರು. ಮೂಗಿನ ಹತ್ತಿರ ತಂದೆ, ಕುಡಿಯಲಾಗಲಿಲ್ಲ, ಇಟ್ಟುಬಿಟ್ಟೆ. ಮಗ ನನ್ನೆದುರಿಗೇ ಎರಡು ಗುಟುಕು ಕುಡಿದ. ಕದ್ದು ಕುಡಿಯುವುದಕ್ಕಿಂತ ಅದು ವಾಸಿ ಎನ್ನಿಸಿತು.

ಸಂಜೆ ಚಿಕ್ಕಮ್ಮನ ಮನೆಗೆ ಹೋದೆವು. ಈ ಹುಡುಗ ಸುಮ್ಮನಿರದೆ, "ಅಜ್ಜಿ, ಚಿಕ್ಕತಾತ ಹೇಗಿದ್ದರು?" ಎಂದು ಕೇಳಿಯೇಬಿಟ್ಟ. ನನ್ನ ಎದೆ ಝಲ್ಲೆಂದಿತು. ಆದರೆ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕುಳಿತು, "ಬಳ್ಳಿ ಸವರೋದರಲ್ಲಿ ಅವರ ಕೈ ಈ ಸೀಮೇಲೇ ಇರಲಿಲ್ಲ ಕಣಪ್ಪ. ಅಕ್ಕಪಕ್ಕದ ಊರಿನೋರು ಬಂದು ಕರಕೊಂಡು ಹೋಗೋರು" ಎಂದರು. ಮಾತು ರಾತ್ರಿ ಊಟದವರೆಗೂ ಮುಗಿಯಲಿಲ್ಲ. ಇಷ್ಟು ವರ್ಷ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಚಿಕ್ಕಪ್ಪ ಕುಡಿದು ಸತ್ತರು ಎಂಬುದಷ್ಟನ್ನೇ ಉಳಿಸಿಕೊಂಡು, ಅವರು ಬದುಕಿದ್ದನ್ನೇ ನಾವೆಲ್ಲ ಮರೆತಿದ್ದೆವು.

ಸಂಘದ ಮಕ್ಕಳೇ, ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ಕುಡಿತ ಮನೆಗೆ ಏನು ಮಾಡುತ್ತದೆಂದು ಕಂಡವಳು ನಾನು. ನಿಮ್ಮ ತಾಯಿತಂದೆಯರ ಊರಿನ ಹೆಸರು ಎಲ್ಲಾದರೂ ಕಣ್ಣಿಗೆ ಬಿದ್ದರೆ ಅದನ್ನು ಮನೆಗೆ ತನ್ನಿ, ಕೇಳಿ. ಮೊದಲ ದಿನ ನನ್ನ ಹಾಗೆ ಅವರೂ ಮುಖ ತಿರುಗಿಸಿಯಾರು. ಒಂದು ವಾರ ಬಿಟ್ಟು ಮತ್ತೆ ಕೇಳಿ.