ಬಿಯರ್ ಅಡುಗೆಮನೆಯಲ್ಲಿದ್ದ ಕಾಲ

ಪ್ರಿಯ ಯುವ ಓದುಗರೆ, ತಲೆಬರಹ ನೋಡಿ ಹುಬ್ಬೇರಿಸಬೇಡಿ. ಬಿಯರಿನ ಒಂದು ಹನಿಯನ್ನೂ ನಾಲಿಗೆಗೆ ತಾಗಿಸದ ಗೃಹಿಣಿ ನಾನು. ನಮ್ಮ ಮನೆಯಲ್ಲಿ ಬಹುಕಾಲ ‘ಬೀರು’ ಎಂದರೆ ಸೀರೆ ಮಡಿಚಿಡುವ ಕಬ್ಬಿಣದ ಕಪಾಟು, ಅಷ್ಟೆ. ಕುಡಿಯಿರಿ ಎನ್ನಲಾಗಲಿ, ಬಿಡಿ ಎನ್ನಲಾಗಲಿ ಇದನ್ನು ಬರೆಯುತ್ತಿಲ್ಲ. ಎರಡನೆಯದನ್ನು ಹೇಳಲು ನಿಮ್ಮ ಮನೆಯಲ್ಲೇ ಜನರಿದ್ದಾರೆ. ಆದರೆ ಪುಣೆ, ಬೆಂಗಳೂರುಗಳ ಹೊಸ ಬ್ರೂವರಿಗಳಲ್ಲಿ ಕುಳಿತು ನೀವು ಪೋರ್ಟರ್, ಸ್ಟೌಟ್, ಐಪಿಎ ಎಂದು ಹೆಸರು ಹಿಡಿದು ಕೇಳುತ್ತೀರಲ್ಲ, ಆ ಇಂಗ್ಲಿಷ್ ಪಾನೀಯದ ಹಿಂದೆ ಒಂದು ಅಡುಗೆಮನೆ ಇದೆ. ಅದು ನಿಮಗೆ ಗೊತ್ತಿರಲಿ ಎಂಬ ಆಸೆ.

ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಓದುವಾಗ ಒಂದು ಪ್ರತ್ಯಯದ ಬಗ್ಗೆ ಕಲಿತಿದ್ದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಟರ್’ ಎಂದು ಮುಗಿದರೆ ಆ ಕೆಲಸ ಮಾಡುವವಳು ಹೆಂಗಸು. ನೂಲುವವಳು ಸ್ಪಿನ್‌ಸ್ಟರ್, ಆ ಪದಕ್ಕೆ ಮದುವೆಯಾಗದವಳು ಎಂಬ ಅರ್ಥ ಅಂಟಿಕೊಂಡದ್ದು ಆಮೇಲೆ. ಬಿಯರ್ ತಯಾರಿಸುವವಳು ಬ್ರೂಸ್ಟರ್. ಈಗ ಅದು ಬರೀ ಮನೆತನದ ಹೆಸರಾಗಿ ಉಳಿದಿದೆ.

1300ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಈ ಕೆಲಸ ಬಹುಮಟ್ಟಿಗೆ ಹೆಂಗಸರದೇ. ಮಾಡುವ ಕ್ರಮ ಕೇಳಿದರೆ ನಿಮ್ಮ ಅಜ್ಜಿಗೆ ಏನೂ ಹೊಸದೆನಿಸದು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ತರಿತರಿಯಾಗಿ ಒಡೆಯಬೇಕು. ರಾಗಿ ಮಾಲ್ಟಿಗೂ ನಾವು ಮಾಡುವುದು ಹೆಚ್ಚುಕಡಿಮೆ ಇದನ್ನೇ. ಆಮೇಲೆ ಅದಕ್ಕೆ ಬಿಸಿನೀರು ಸುರಿದರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ನೀರು ಕುದಿಯುತ್ತಿರಬಾರದು, ತಣ್ಣಗೂ ಆಗಿರಬಾರದು. ಥರ್ಮಾಮೀಟರ್ ಇಲ್ಲದ ಕಾಲ. ಕುದಿಸಿದ ನೀರಿನ ಆವಿ ತಗ್ಗಿ, ಅದರಲ್ಲಿ ತನ್ನ ಮುಖ ಕಾಣುವವರೆಗೆ ಕಾಯುವುದೇ ಅಳತೆ!

ತೆಂಗಿನಕಾಯಿ ತುರಿಯಿಂದ ಮೊದಲ ಹಾಲು, ಎರಡನೇ ಹಾಲು, ಮೂರನೇ ಹಾಲು ಎಂದು ಹಿಂಡುತ್ತೇವಲ್ಲ, ಅವರೂ ಹಾಗೆಯೇ. ಮೊದಲ ನೀರಿನದು ಗಟ್ಟಿ ಏಲ್. ಅದೇ ಬಾರ್ಲಿಗೆ ಮತ್ತೆ ನೀರು ಹಾಕಿ ತೆಗೆದ ಕೊನೆಯ ತೆಳು ರಸದಿಂದ ‘ಸ್ಮಾಲ್ ಬಿಯರ್’. ಆಳುಗಳಿಗೂ ಮಕ್ಕಳಿಗೂ ಅದು ನಿತ್ಯದ ಪಾನೀಯ. ಶೇಕ್ಸ್‌ಪಿಯರನ ನಾಲ್ಕನೇ ಹೆನ್ರಿ ನಾಟಕದ ಎರಡನೇ ಭಾಗದಲ್ಲಿ ರಾಜಕುಮಾರನೊಬ್ಬ, ತನಗೆ ಈ ಬಡವರ ಬಿಯರಿನ ಮೇಲೆ ಆಸೆಯಾಯಿತಲ್ಲ ಎಂದು ನಾಚಿಕೊಳ್ಳುತ್ತಾನೆ. ಹುದುಗಲು ಹಿಂದಿನ ಸಲದ ನೊರೆಯನ್ನು ಎತ್ತಿಟ್ಟುಕೊಳ್ಳುತ್ತಿದ್ದರು, ನಾವು ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಆ ನೊರೆಯೊಳಗೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಅವರಿಟ್ಟ ಒಂದು ಹೆಸರು ‘ದೇವರು ಒಳ್ಳೆಯವನು’ ಎಂದು!

ಮನೆಗೆ ಸಾಕಾಗಿ ಮಿಕ್ಕದ್ದನ್ನು ಮಾರುತ್ತಿದ್ದರು. ಮನೆ ಮುಂದೆ ಒಂದು ಕೋಲು, ಅದರ ತುದಿಗೆ ಸೊಪ್ಪಿನ ಕಂತೆ ಕಟ್ಟಿದರೆ ಏಲ್ ಸಿದ್ಧ ಎಂದರ್ಥ. ರುಚಿ ನೋಡಿ, ಬೆಲೆ ಸರಿಯಿದೆಯೇ ಎಂದು ಪರೀಕ್ಷಿಸಲು ಊರಿನ ಅಧಿಕಾರಿ ಇರುತ್ತಿದ್ದ. ಶೇಕ್ಸ್‌ಪಿಯರನ ತಂದೆ ಜಾನ್, 1556ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಇದೇ ಕೆಲಸಕ್ಕೆ ನೇಮಕಗೊಂಡಿದ್ದ. ನಮಗೆ ಪಾಠ ಮಾಡಿದ ಯಾರೂ ಇದನ್ನು ಹೇಳಲಿಲ್ಲ. ಹೇಳಿದ್ದರೆ ಹಿಂದಿನ ಬೆಂಚಿನ ಹುಡುಗರೂ ಎಚ್ಚರವಾಗಿರುತ್ತಿದ್ದರು.

ಈ ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು. ಅದೇ ಅದರ ದೋಷ, ಅದೇ ಹೆಂಗಸರಿಗೆ ರಕ್ಷಣೆ. ದೂರ ಒಯ್ಯುವಂತಿಲ್ಲ, ಕೂಡಿಡುವಂತಿಲ್ಲ ಎಂದಾಗ ದೊಡ್ಡ ವ್ಯಾಪಾರಿಗೆ ಅಲ್ಲೇನು ಕೆಲಸ? ಹದಿನೈದನೇ ಶತಮಾನದಲ್ಲಿ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸುವ ಪದ್ಧತಿ ಸಮುದ್ರದಾಚೆಯ ಡಚ್ಚರ ಸೀಮೆಯಿಂದ ಬಂದು ಬೇರೂರಿತು. ಆ ಕಾಲದಲ್ಲಿ ಹಾಪ್ಸ್ ಹಾಕಿದ್ದು ಮಾತ್ರ ‘ಬಿಯರ್’, ಹಾಕದ್ದು ‘ಏಲ್’. ಬಿಯರ್ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಕೆಡದ ಮೇಲೆ ದೊಡ್ಡ ಕೊಪ್ಪರಿಗೆ, ಪೀಪಾಯಿ, ಗಾಡಿ, ಸಾಲ, ಸಂಘ ಎಲ್ಲವೂ ಬಂದವು. ಇವೆಲ್ಲ ಗಂಡಸರ ಕೈಗೆ ಸಿಗುವಂಥವು. 1600ರ ಹೊತ್ತಿಗೆ ಕಸುಬು ಹೆಚ್ಚಾಗಿ ಅವರದಾಗಿತ್ತು. ಜೂಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ 1996ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಮೊದಲು ಹಿಂದೆ ಬಿದ್ದವರು ವಿಧವೆಯರು ಮತ್ತು ಒಂಟಿ ಹೆಂಗಸರು.

ಅದನ್ನು ಓದಿದಾಗ ನನಗೆ ಡೊಂಬಿವಲಿಯ ನನ್ನ ಸೋದರತ್ತೆ ನೆನಪಾದಳು. ಗಂಡ ಹೋದಮೇಲೆ ಹಪ್ಪಳ, ಸಂಡಿಗೆ ಮಾಡಿ ಮಾರಿ ಇಬ್ಬರು ಗಂಡುಮಕ್ಕಳನ್ನು ಓದಿಸಿದಳು. ಆಮೇಲೆ ಯಂತ್ರದ ಹಪ್ಪಳದ ಪೊಟ್ಟಣಗಳು ಬಂದವು. ಆರು ತಿಂಗಳಾದರೂ ಮುಗ್ಗುವುದಿಲ್ಲ ಎಂದ ಅಂಗಡಿಯವನು ಇವಳ ಡಬ್ಬ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. “ಅವನದೇನು ತಪ್ಪು, ಅವನ ಹೊಟ್ಟೆಪಾಡು ಅವನಿಗೆ” ಎಂದಳು ಅತ್ತೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಲಂಡನ್ನಿನಲ್ಲಿ ಹದಿನೆಂಟನೇ ಶತಮಾನದಲ್ಲಿ ಹೊರೆಯಾಳುಗಳು ಮೆಚ್ಚಿದ ಕಪ್ಪು ಬಿಯರಿಗೆ ಅವರದೇ ಹೆಸರು ಬಂತು, ಪೋರ್ಟರ್. ಅದು ತಿಂಗಳುಗಟ್ಟಲೆ ಮಾಗಬೇಕು. ಅದಕ್ಕಾಗಿ ಬ್ರೂವರಿಗಳು ಪೈಪೋಟಿಯಿಂದ ಭಾರಿ ಮರದ ತೊಟ್ಟಿಗಳನ್ನು ಕಟ್ಟಿಸಿದವು. 1814ರ ಅಕ್ಟೋಬರ್ 17ರಂದು ಹಾರ್ಸ್ ಶೂ ಬ್ರೂವರಿಯಲ್ಲಿ 22 ಅಡಿ ಎತ್ತರದ ತೊಟ್ಟಿ ಒಡೆದು, ಬಿಯರು ಗೋಡೆ ಕೆಡವಿ ಪಕ್ಕದ ಬಡವರ ಕೇರಿಗೆ ನುಗ್ಗಿತು. ಸತ್ತವರು ಎಂಟು ಜನ, ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಕೆಲವರು ತೀರಿಹೋದ ಮಗುವೊಂದರ ಶವದ ಬಳಿ ಕೂತಿದ್ದವರು. ವಿಚಾರಣೆಯ ತೀರ್ಮಾನ: ಆಕಸ್ಮಿಕ.

ಇನ್ನು ನಿಮ್ಮ ಐಪಿಎ. ‘ಇಂಡಿಯಾ ಪೇಲ್ ಏಲ್’ ಅನ್ನು ನಮ್ಮ ದೇಶಕ್ಕೆಂದೇ ಒಬ್ಬರು ಕಂಡುಹಿಡಿದರು ಎಂಬ ಕಥೆ ಕೇಳಿರಬಹುದು. ಹಾಪ್ಸ್ ಹೆಚ್ಚಿರುವ ಬಿಳಿಚು ಬಿಯರ್ ಅಲ್ಲಿ ಮೊದಲೇ ಇತ್ತು. ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬ್ರೂವರಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆ ಹತ್ತಿರ. ಹಡಗಿನ ಕಪ್ತಾನರಿಗೆ ಅವನು ಧಾರಾಳವಾಗಿ ಸಾಲ ಕೊಡುತ್ತಿದ್ದ. 1820ರ ದಶಕದಲ್ಲಿ ಬರ್ಟನ್ ಊರಿನವರು ಪೈಪೋಟಿಗೆ ಇಳಿದರು. ಅಲ್ಲಿಯ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳ, ಈ ಬಿಯರಿಗೆ ಹೇಳಿ ಮಾಡಿಸಿದ್ದು. ಆಫ್ರಿಕಾ ಬಳಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಮುಂಬಯಿ, ಮದ್ರಾಸು, ಕಲ್ಕತ್ತೆಗೆ ಪೀಪಾಯಿಗಳು ಬರುತ್ತಿದ್ದವು. ಇಲ್ಲಿ ಅದು ಸಾಹೇಬರ ಪಾನೀಯ. ಸಾಮಾನ್ಯ ಗೋರಾ ಸಿಪಾಯಿಗೆ ಸಿಗುತ್ತಿದ್ದದ್ದು ಪೋರ್ಟರ್.

ಐಪಿಎ ಬಲು ಕಹಿ ಎಂದು ನನ್ನ ಮಗ ದೂರುತ್ತಾನೆ. ಆ ಕಹಿ ಹಾಪ್ಸಿನದು. ನಾಲ್ಕಾರು ತಿಂಗಳ ಸಮುದ್ರಯಾನದಲ್ಲಿ ಕೆಡದಿರಲಿ ಎಂದು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರು.